ಡ್ರೈವರ್‌ಗೆ ಹೊಂದುವ ಪದಗಳು

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಮನಸ್ಸಿನಲ್ಲೇ ದೇವರ ನಾಮ ಹೇಳಿಕೊಳ್ಳುತ್ತಿದ್ದ ಅಜ್ಜಿಗೆ ಪಕ್ಕದ ಬೆಂಚಿನ ಗಂಡ ಹೆಂಡತಿಯ ಮಾತು ಕಿವಿಗೆ ಬಿತ್ತು. ಹೆಂಡತಿ ಗಂಡನ ಜೇಬಿನಿಂದ ಒಂದು ಚೀಟಿ ಎಳೆದಿದ್ದಳು.

“ಡ್ರೈವರ್, ಡೈವರ್, ಸರ್ವೈವರ್... ಇದೇನ್ರೀ, ಮಂತ್ರಾನಾ?”

“ಪ್ರಾಸ ಕಣೇ. ಆಫೀಸಿನ ಟೈಪಿಸ್ಟ್ ಮೇಡಂ ಬರೆದಿದ್ದು. ನನ್ನ ವ್ಯಾನಲ್ಲಿ ಬೀಳಿಸಿ ಹೋಗಿದ್ರು.”

“ಈ ಕಡೆ ರಿವರ್, ಫೀವರ್, ನೆವರ್ ಅಂತ ಬೇರೆ ಇದೆಯಲ್ಲ?”

“ಅವು ಪೂರ್ತಿ ಹೊಂದಲ್ಲ, ಹತ್ತಿರ ಬರ್ತವೆ.”

“ಅವಳೂ ಹತ್ತಿರ ಬರ್ತಿದಾಳೆ ಅನ್ನಿ. ಡ್ರೈವರ್ ಮೇಲೆ ಪದ್ಯ ಕಟ್ಟೋಳಿಗೆ ಮನೇಲಿ ಗಂಡ ಇಲ್ವಾ?”

ಸಾಲಿನ ಮೊದಲಲ್ಲೇ ಪ್ರಾಸ ಬರುವ ಪದ್ಯಗಳನ್ನು ಕೇಳಿ ಬೆಳೆದ ಅಜ್ಜಿಗೆ ಈ ಬಾಲದ ಪ್ರಾಸ ಹೊಸದು. ಕಿವಿ ನೆಟ್ಟಗಾಯಿತು.

“ಥೂ, ಬಾಯಿ ಮುಚ್ಚೇ. ಕೆಲಸ ಬಿಟ್ಟು ಹೋಗೋರಿಗೆಲ್ಲ ಆಯಮ್ಮ ಇಂಗ್ಲಿಷಲ್ಲೊಂದು ಪದ್ಯ ಬರೆದು ಓದ್ತಾರೆ. ನಮ್ಮಾಫೀಸಿನ ಪದ್ಧತಿ.”

“ಈಗ ಯಾರು ಹೋಗ್ತಿರೋದು?”

“ಯಾರೂ ಏನೂ ಹೇಳಿಲ್ಲ.”

“ಅಲ್ಲಿ ಎಷ್ಟು ಜನ ಡ್ರೈವರ್ ಇದೀರಿ?”

ಗಂಡ ಊದಿದ ಕೆನ್ನೆ ಹಿಡಿದುಕೊಂಡ. ಅಜ್ಜಿಯ ನಾಮಸ್ಮರಣೆ ನಿಂತೇ ಹೋಯಿತು.

“ನಾನೊಬ್ಬನೇ.”

“ಅಯ್ಯೋ! ಇದನ್ನ ಜೇಬಲ್ಲಿಟ್ಕೊಂಡು ಸುಮ್ಮನೆ ಓಡಾಡ್ತಿದೀರಲ್ರೀ!”

“ಕೇಳಕ್ಕೆ ಧೈರ್ಯ ಬರ್ಲಿಲ್ಲ ಕಣೇ.”

ನರ್ಸ್ ಅವನ ಸರದಿ ಕೂಗಿದಳು. ಹೆಂಡತಿ ಚೀಟಿಯನ್ನು ಮಡಿಸಿ ಮುಷ್ಟಿಯಲ್ಲಿ ಹಿಡಿದು ಎದ್ದಳು.

“ಹಲ್ಲು ನಾಳೆ ಕೀಳಿಸಿದ್ರಾಯ್ತು. ನಡೀರಿ, ಆ ಪದ್ಯ ಓದೋ ದಿನ ಯಾವತ್ತು ಅಂತ ಆಯಮ್ಮನ್ನೇ ಕೇಳೋಣ.”

ಗಂಡ ಕೆನ್ನೆ ಹಿಡಿದುಕೊಂಡೇ ಅವಳ ಹಿಂದೆ ಮೆಟ್ಟಿಲಿಳಿದ.