ನಳಿಗೆಯ ಮೇಲಿನ ಡಬ್ಬ

ಕಳಚಬೇಕಾ? ಏನಂದ್ರಿ ಅಯ್ನೋರೇ, ಇನ್ನೊಂದ್ಸಲ ಹೇಳಿ... ಫಿರಂಗಿ ನಳಿಗೆ ಮೇಲಿರೋ ಡಬ್ಬ ಕಳಚಬೇಕಾ? ಮಠದಿಂದ ಇಲ್ಲೀವರೆಗೆ ಆಟೋ ಮಾಡ್ಕೊಂಡು ಬಂದಿದ್ದು ಇದನ್ನ ಹೇಳೋಕಾ? ಟ್ಯಾಂಕ್ ತಗೊಂಡು ಹೋಗ್ತೀನಿ ಅಂತ ಫೋನ್ ಮಾಡಿದ್ರಿ. ನಾನು ರಟ್ಟಿನ ಪೆಟ್ಟಿಗೆ, ಹತ್ತಿ, ಹಗ್ಗ ಎಲ್ಲಾ ರೆಡಿ ಮಾಡಿಟ್ಕೊಂಡು ಕೂತಿದೀನಿ. ಈಗ ಬಂದು ತಪ್ಪು ಹುಡುಕ್ತೀರಲ್ಲ!

ಕೂತ್ಕೊಳ್ಳಿ. ಅಯ್ಯೋ, ಕೂತ್ಕೊಳ್ಳಿ ಅಂದೆ! ಪತ್ರೆ ಬುಟ್ಟಿ ಅಲ್ಲೇ ಕೆಳಗಿಡಿ, ಬಾಲ್ಕನಿಗೆ ಆಮೇಲೆ ಹೋದ್ರಾಯ್ತು. ಬಿಲ್ವದ ಗಿಡ ಎಲ್ಲೂ ಓಡಿಹೋಗಲ್ಲ.

ಆರು ತಿಂಗಳು, ಸೋಮಲಿಂಗಯ್ಯನೋರೇ. ಆರು ತಿಂಗಳು! ಇದೇನು ಬರುವಾಗ್ಲೇ ಹೀಗಿತ್ತು ಅಂದ್ಕೊಂಡ್ರಾ? ಮಕ್ಕಳ ಆಟದ ಸಾಮಾನು. ರಿಮೋಟ್ ಒತ್ತಿದ್ರೆ ಗುರ್ರ್ ಅಂತ ಹೋಗಿ ಗೋಡೆಗೆ ಗುದ್ದೋದು. ಒಂದಾದ್ರೂ ಸರಿ ಇತ್ತಾ? ಚಕ್ರಗಳಿಗೆಲ್ಲ ಒಂದೇ ಸಮ ಸಂದು ಇಟ್ಟಿದ್ರು, ಮೂರ್ಖರು. ನಿಮ್ಮಣ್ಣ ಗುರುಶಾಂತಯ್ಯ ಓಡಿಸ್ತಿದ್ದ ಟ್ಯಾಂಕಿಗೆ ಮೊದಲನೇ ಚಕ್ರಕ್ಕೂ ಎರಡನೇದಕ್ಕೂ ನಡುವೆ ಸಂದು ಜಾಸ್ತಿ. ಹತ್ತೂ ಚಕ್ರ ಬಿಚ್ಚಿದೆ. ಹೊಸ ತೂತು ಕೊರೆದೆ. ಆ ನದಿಯಾಚೆ ರಾಮನಗರದ ಲೇತ್ ಮಿಷಿನ್ನಿನವನ ಹತ್ರ ಮೂರು ಸಲ ಅಚ್ಚು ಮಾಡಿಸ್ದೆ, ಸೇತುವೆ ದಾಟಿ ಮೂರು ಸಲ! 'ಖಿಲೌನಾ ಹೀ ತೋ ಹೈ, ಸಾಹಬ್' ಅಂದ ಅವನು, ಆಟದ ಸಾಮಾನು ತಾನೇ ಅಂತ. ಬೈದು ಬಂದೆ.

ಯಾಕೆ ನಗ್ತೀರಿ? ನಗಬೇಡಿ. ವಸುಮತಿನೂ ಹೀಗೇ ನಗ್ತಾಳೆ. ಬಣ್ಣದ ವಾಸನೆಗೆ ಮೂಗು ಮುಚ್ಕೊಂಡು ಅಡುಗೆಮನೆಯಿಂದಾನೇ ನಗ್ತಾಳೆ. ಹೆಂಡತಿ, ಸಹಿಸ್ಕೋತೀನಿ. ಮೂವತ್ತು ವರ್ಷ ಈ ಹಿಂದಿ ಊರಿನ ಯೂನಿವರ್ಸಿಟೀಲಿ ಲೋಹದ ಪಾಠ ಹೇಳಿದೋನು ನಾನು. ಯಾತ್ರಿಕರಿಗೆ ರೂಮಿನ ಕೀಲಿ ಕೊಡೋ ನೀವು ನನಗೆ ಟ್ಯಾಂಕಿನ ಪಾಠ ಹೇಳ್ತೀರಾ? ಎಪ್ಪತ್ತೊಂದರ ಯುದ್ಧದಲ್ಲಿ ನಿಮಗೆಷ್ಟು ವಯಸ್ಸು? ಎಂಟು! ಎಂಟು ವರ್ಷದ ಹುಡುಗನಿಗೆ ಏನು ಗೊತ್ತಿರತ್ತೆ?

ಕೇಳಿ. ಆ ಡಬ್ಬ ಯಾಕೆ ಅಂತಾದ್ರೂ ಗೊತ್ತಾ? ಆ ಡಬ್ಬದಿಂದ ಗುಂಡು ಹಾರಲ್ಲ, ಹೊಗೆ ಹೋಗಲ್ಲ, ಏನೂ ಇಲ್ಲ. ಬರೀ ತಗಡು. ಆ ಕಡೆಯೋರ ಹತ್ರಾನೂ ಥೇಟ್ ಇಂಥದ್ದೇ ಟ್ಯಾಂಕ್ ಇದ್ವು, ಚೀನಾದೋರು ಕೊಟ್ಟಿದ್ದು. ದೂರದಿಂದ ನೋಡಿದ್ರೆ ಯಾವುದು ನಮ್ದು, ಯಾವುದು ಅವರ್ದು ಗೊತ್ತಾಗ್ತಿರ್ಲಿಲ್ಲ. ಅದಕ್ಕೇ ನಮ್ಮೋರು ನಳಿಗೆ ಮಧ್ಯಕ್ಕೆ ಒಂದು ತಗಡಿನ ಡಬ್ಬ ತೊಡಿಸಿದ್ರು. ಡಬ್ಬ ಇದ್ರೆ ನಮ್ಮೋನು. ಇಲ್ದಿದ್ರೆ ಹೊಡಿ. ಅಷ್ಟೇ. ನಿಮ್ಮಣ್ಣನ ಗುಂಪಿನ ಹದಿನಾಲ್ಕೂ ಟ್ಯಾಂಕಿಗೆ ಹಾಕಿದ್ರು. ಹದಿನಾಲ್ಕೂ!

ಎಲ್ಲಿ ಓದಿದೆ ಅಂದ್ರೆ... ಪುಸ್ತಕದಲ್ಲಿ. ಯಾವುದೋ ಪುಸ್ತಕ. ಹೆಸರು ನೆನಪಿಲ್ಲ ಈಗ.

ಏನದು, ಮೊಬೈಲು? ಏನು ತೋರಿಸ್ತೀರಿ... ತಡೀರಿ, ಕನ್ನಡಕ.

ಯಾರು ಕಳಿಸಿದ್ದು ಈ ಫೋಟೋ? ನಿಮ್ಮ ಅತ್ತಿಗೆ ಬಸಲಿಂಗಮ್ಮನೋರಾ? ನಾಳೆ ಬೆಳಿಗ್ಗೆ ಇಲ್ಲಿನ ಕಂಟೋನ್ಮೆಂಟ್ ಸ್ಟೇಷನ್ನಲ್ಲಿ ರೈಲಿಳೀತಾರಲ್ಲ, ಬಂದ ಮೇಲೆ ತೋರಿಸಬಹುದಿತ್ತು. ಈಗ್ಲೇ ಏನವಸರ...

ಹೂಂ. ಇವರೇನಾ ಗುರುಶಾಂತಯ್ಯ? ಮೀಸೆ ಇನ್ನೂ ಸರಿಯಾಗಿ ಬಂದೇ ಇಲ್ಲ. ನಳಿಗೆ ಮೇಲೆ ಕೈ ಇಟ್ಕೊಂಡು ನಿಂತಿದಾರೆ... ಹೂಂ, ಹೂಂ, ಕಾಣ್ತಿದೆ. ನಳಿಗೆ ಬೋಳಾಗಿದೆ. ನನಗೇನು ಕಣ್ಣಿಲ್ವಾ?

ಅದು ಮುಂಚೆ ತೆಗೆದಿದ್ದು ಕಣ್ರೀ! ಡಬ್ಬ ಹಾಕೋಕೆ ಮುಂಚೆ. ಹಿಂದುಗಡೆ ತಾರೀಖಿದ್ರೆ ಇರ್ಲಿ. ಹತ್ತನೇ ತಾರೀಖು ಮಧ್ಯಾಹ್ನ... ಆಯ್ತು. ಅವರು ತೀರಿಹೋಗಿದ್ದು? ಅದೇ ಸಂಜೆ. ಗೊತ್ತು ನನಗೆ. ಹಾಗಂತ? ಮಧ್ಯಾಹ್ನದಿಂದ ಸಂಜೆಯೊಳಗೆ ಒಂದು ಡಬ್ಬ ತೊಡಿಸಕ್ಕಾಗಲ್ವಾ? ನಾಲ್ಕು ಬೋಲ್ಟು! ಕಾಲು ಗಂಟೆ ಕೆಲಸ!

ಕಿರುಚ್ತಾ ಇಲ್ಲ ನಾನು. ನನ್ನ ದನಿನೇ ಹಾಗೆ.

ನೋಡಿ ಅಯ್ನೋರೇ, ನಾಳೆ ಮಠದ ಸಭಾಂಗಣದಲ್ಲಿ ನಿಮ್ಮಣ್ಣನ ನೆನಪಿಗೆ ಆ ತಾಯಿ ಮುಂದೆ ಇದು ಓಡಬೇಕು. ಎಪ್ಪತ್ತಮೂರು ವರ್ಷದ ಜೀವ, ಅಷ್ಟು ದೂರದಿಂದ ಬರ್ತಿದಾರೆ. ಗಂಡನ ಟ್ಯಾಂಕ್ ಲಕ್ಷಣವಾಗಿ ಕಾಣ್ಲಿ. ಡಬ್ಬ ಇದ್ರೆ ನಿಮ್ಮ ಗಂಟೇನು ಹೋಗತ್ತೆ? ನಾನಾಗಿ ಬಂದು ಮಾಡಿಕೊಡ್ತೀನಿ ಅಂದೆ, ಮಾಡಿಕೊಟ್ಟೆ. ಅದಕ್ಕೊಂದು ಥ್ಯಾಂಕ್ಸ್ ಇಲ್ಲ, ಬಂದು...

ಮುಟ್ಟಬೇಡಿ! ಬಣ್ಣ ಹಸಿ ಇದೆ.

ಹೌದು, ಅಂಟಿಸಿಲ್ಲ. ಅದೊಂದನ್ನ ಅಂಟಿಸಿಲ್ಲ. ಆಚೀಚೆ ಜಾರತ್ತೆ. ಮರೆತೆ! ವಯಸ್ಸಾಯ್ತು, ಮರೆಯೋ ಹಾಗಿಲ್ವಾ ನಾನು?

ಅಲ್ಲಿ ಯಾಕೆ ಬೆರಳಾಡಿಸ್ತೀರಿ? ತಗ್ಗು. ನಾನೇ ಮಾಡಿದ ತಗ್ಗು ಅದು. ಎಡಗಡೆ ಒಂದು ತಗ್ಗು, ಅದರ ಕೆಳಗೆ ಮೂರು ರಿವೆಟ್, ನಾಲ್ಕನೇದರ ಜಾಗದಲ್ಲಿ ತೂತು. ಅದಿಲ್ದೆ ನಿಜ ಅನ್ನಿಸಲ್ಲ. ಯಾವ ಟ್ಯಾಂಕಿನ ಡಬ್ಬ ನೆಗ್ಗಿರಲ್ಲ ಹೇಳಿ! ನೋಡಿ ಮಾಡಿದ್ದೇ. ಎಲ್ಲಿ ನೋಡಿ ಅಂದ್ರೆ... ಅದೇ ಪುಸ್ತಕದಲ್ಲಿ...

ಎಲ್ಲಿಗೆ ಎದ್ರಿ? ಅಯ್ನೋರೇ, ಟೀ ಬರ್ತಿದೆ. ಪತ್ರೆ ಆಮೇಲೆ ಕೀಳೋಣ, ಬನ್ನಿ. ಪೂಜೆಗಿನ್ನೂ ಹೊತ್ತಿದೆ, ಬನ್ನಿ ಒಳಗೆ.

ಗಿಡದ ಬುಡ ಯಾಕೆ ನೋಡ್ತೀರಿ?

ಅದು ಕುಂಡ. ಹಳೇ ಕುಂಡ. ನಮ್ಮಪ್ಪ ಊರಿಂದ ತಂದಿದ್ದು. ರೈಲ್ವೇಲಿದ್ರಲ್ಲ ಅಪ್ಪ, ಹೇಳಿದ್ನಲ್ಲ ನಿಮಗೆ, ರೈಲ್ವೆ ತಗಡು... ಆ ತಗ್ಗು, ಆ ಮೂರು ರಿವೆಟ್ ಹಾಗೆ ಸವರಬೇಡಿ. ಕೈ ತೆಗೀರಿ. ಮೂರು ವರ್ಷದಿಂದ ಪ್ರತಿ ಸೋಮವಾರ ಅದರ ಮೇಲೆ ಕೈಯೂರಿ ಪತ್ರೆ ಕಿತ್ತಿದೀರಿ. ಒಂದು ದಿನಾನೂ ನೋಡ್ಲಿಲ್ಲ. ಇವತ್ತೇ ನೋಡಬೇಕಾ?

ತಡೀರಿ, ಹೇಳ್ತೀನಿ. ಬೇಕಾದ್ರೆ ಬೈಯ್ರಿ.

ಅಪ್ಪ ರೈಲ್ವೇಲಿರ್ಲಿಲ್ಲ. ಆಯ್ತಾ? ಸೈನ್ಯದ ರಿಪೇರಿ ತುಕಡೀಲಿ ಹವಾಲ್ದಾರ್. ಹದಿನಾಲ್ಕು ಡಬ್ಬ ಬಂದಿದ್ವು. ಹದಿಮೂರು ಹಾಕಿದ್ರು. ಕಡೇದರ ರಿವೆಟ್ ಕಿತ್ಕೊಂಡು ನೆಗ್ಗಿತ್ತು, ತೊಡಿಸೋಕೆ ಹೋದ್ರೆ ಕೂರ್ಲಿಲ್ಲ. ಬಡಿದು ಸರಿ ಮಾಡೋಣ ಅನ್ನೋಷ್ಟರಲ್ಲಿ ಹೊರಡಿ ಅಂತ ಆರ್ಡರ್. ಸಾಹೇಬ ಕೇಳಿದ, ಎಲ್ಲಾ ಆಯ್ತಾ? ಬೈಸಿಕೊಳ್ಳೋ ಹೆದರಿಕೆ... ಆಯ್ತು ಸಾಬ್, ಹದಿನಾಲ್ಕೂ ಆಯ್ತು ಅಂದ್ಬಿಟ್ರು. ಒಂದು ಮಾತು ಕಣ್ರೀ! ಒಂದೇ ಒಂದು ಮಾತು!

ನಿಮ್ಮ ಮನೆಗೆ ಬಂದ ಕಾಗದದಲ್ಲಿ ಶತ್ರುವಿನ ಗುಂಡು ಅಂತ ಬರೆದಿತ್ತಾ? ಆ ಹದಿನಾಲ್ಕನೇದು ನಿಮ್ಮಣ್ಣಂದು; ಶತ್ರು ಆ ಕಡೆಗೆ ಬಂದೇ ಇರ್ಲಿಲ್ಲ ಆವತ್ತು.

ಅಪ್ಪ ಆ ನೆಗ್ಗಿದ ಡಬ್ಬಾನ ಹಾಸಿಗೆ ಸುರುಳೀಲಿ ಕಟ್ಕೊಂಡು ಮನೆಗೆ ತಂದ್ರು. ಮಣ್ಣು ತುಂಬಿ ಬಿಲ್ವ ಹಾಕಿದ್ರು. ಇಲ್ಲಿಗೆ ಬರುವಾಗ್ಲೂ ಹೊತ್ಕೊಂಡು ಬಂದ್ರು. ನೀವೊಂದಿನ ಇದೇ ಬಾಲ್ಕನೀಲಿ ನಿಂತು ಅಣ್ಣನ ಹೆಸರು ಹೇಳಿದ್ರಿ ನೋಡಿ, ಆವತ್ತಿಂದ ನೀವು ಬಂದ್ರೆ ಅಪ್ಪ ಕೋಣೆ ಬಿಟ್ಟು ಆಚೆ ಬರ್ಲಿಲ್ಲ. ಕಿವಿ ಕೇಳಲ್ಲ ಅಂತ ನಾವು ಸುಳ್ಳು ಹೇಳ್ತಿದ್ವಿ. ಎಲ್ಲಾ ಕೇಳ್ತಿತ್ತು ಅವರಿಗೆ. ಹೋದ ಮಾಘದಲ್ಲಿ, ಕಡೇ ದಿನ, ನನ್ನ ಕೈ ಹಿಡ್ಕೊಂಡು 'ಹಾಕ್ಬಿಡೋ, ಅದೊಂದು ಹಾಕ್ಬಿಡೋ' ಅಂದ್ರು. ಅದಕ್ಕೇ ಹಾಕ್ದೆ! ಎಲ್ಲಾ ಅಂಟಿಸ್ದೆ, ಇದೊಂದಕ್ಕೆ ಅಂಟು ಹಿಡ್ಕೊಂಡು ಮೂರು ದಿನ ಕೂತೆ. ಕೈ ಬರ್ಲಿಲ್ಲ.

ನಾಚಿಕೆ ಆಗ್ತಿದೆ ಅಯ್ನೋರೇ. ನಿಮ್ಮ ಮೇಲೆ ಕೂಗಾಡಿದ್ದಕ್ಕಲ್ಲ... ಹೂಂ, ಅದಕ್ಕೂ.

ತಗೊಳ್ಳಿ. ಕಳಚ್ದೆ. ನೋಡಿ, ನಳಿಗೆ ಬೋಳಾಯ್ತು. ನಿಮ್ಮಣ್ಣ ಕೈ ಇಟ್ಕೊಂಡು ನಿಂತಿದ್ದು ಇದೇ ಜಾಗ. ಈಗ ಎಲ್ಲಾ ಸರಿಯಾಗಿದೆ, ಒಂದು ಕೂದಲಷ್ಟೂ ತಪ್ಪಿಲ್ಲ. ನಾಳೆ ನಾನೂ ಬರ್ತೀನಿ. ಆ ತಾಯಿಗೆ ನಾನೇ ಹೇಳ್ತೀನಿ. ಬರ್ಲಾ? ...ಬೇಡ್ವಾ?

ಪೆಟ್ಟಿಗೆ ಬೇಡ್ವಾ? ಹಾಗೇ ಎದೆಗವಚ್ಕೊಂಡು ಹೊರಟ್ರಲ್ಲ, ಬಣ್ಣ ಅಂಗಿಗೆ ಹತ್ತತ್ತೆ... ಮೆಟ್ಟಿಲು ನೋಡ್ಕೊಂಡು ಇಳೀರಿ.

ಅಯ್ನೋರೇ, ಬುಟ್ಟಿ ಇಲ್ಲೇ ಬಿಟ್ರಿ. ಇವತ್ತು ಸೋಮವಾರ... ಪತ್ರೆ ಬೇಡ್ವಾ?