ಯಾರ ಕಾರು ಹಗುರ?

ಎದೆರೋಗದ ಡಾಕ್ಟರ ಕೋಣೆಯ ಹೊರಗೆ ಸರದಿ ಕಾಯುತ್ತಿದ್ದ ಒಬ್ಬ ದರ್ಜಿಯಮ್ಮನ ಪಕ್ಕ ಭಾವ, ಭಾಮೈದ ಕೂತಿದ್ದರು. ಇಬ್ಬರದೂ ಸೂಪರ್ ಕಾರುಗಳ ಕಾರ್ಬನ್ ಫೈಬರ್ ಮೈಯನ್ನು ಉಜ್ಜಿ ನುಣುಪು ಮಾಡುವ ಕೆಲಸ. ಇಬ್ಬರ ಕಂಪನಿಗಳು ಮಾತ್ರ ಹಾವು ಮುಂಗುಸಿ.

"ನಿಮ್ಮ ಹೊಸ ರೇಸ್ ಕಾರಿಗೆ ಬಾಗಿಲ ಹಿಡೀನೇ ಇಲ್ವಂತೆ, ಭಾವ?"

"ಬಟ್ಟೆ ಪಟ್ಟಿ ಎಳೀಬೇಕು. ತೂಕ ಉಳಿಯುತ್ತಂತೆ."

"ನಮ್ಮೋರು ಸೀಟಿನ ಮೆತ್ತೇನೂ ಕಿತ್ತಾಕಿದ್ರು. ನಮ್ದೇ ಹಗುರ!"

ನಗಲು ಹೋದ ಭಾವನಿಗೆ ಕೆಮ್ಮು ಒತ್ತರಿಸಿತು.

"ಉಜ್ಜೋ ಧೂಳೆಳೆಯೋ ಫ್ಯಾನ್ ಹಾಕಿಸಿದ್ರಾ ನಿಮಗೆ, ಭಾವ?"

"ಕೇಳಿದ್ದಕ್ಕೆ ಕರ್ಚೀಫ್ ಕಟ್ಕೊಳ್ಳಿ ಅಂದ್ರು. ನಿಮಗೆ?"

"ಅದೇ ಕರ್ಚೀಫು."

"ಹಾಗಾದ್ರೆ ಅದೊಂದ್ರಲ್ಲಿ ಇಬ್ರೂ ಸಮ ಬಿಡು. ನನ್ನೆದೆಯಂತೂ ಹೋಯ್ತು, ಇನ್ನು ದುಡಿಯೋಕಾಗಲ್ಲ. ನೀನಾದ್ರೂ ಆ ಕೆಲಸ ಬಿಡೋ."

"ನಾನೂ ಬಿಟ್ರೆ ಅಕ್ಕನ ಮನೆ ಒಲೆ ಹೇಗೆ ಉರಿಯುತ್ತೆ, ಭಾವ?"

ಅಷ್ಟರಲ್ಲಿ ನರ್ಸ್ ಕರೆದಳು. ಭಾವ ಭಾಮೈದನ ಭುಜ ಹಿಡಿದು ಎದ್ದ. ದರ್ಜಿಯಮ್ಮ ಕಾಲು ಮಡಿಸಿ ಇಬ್ಬರಿಗೂ ದಾರಿ ಬಿಟ್ಟಳು.