ಬೋರಲು ಬ್ರೆಡ್ಡು

ಫ್ರಾನ್ಸಿನ ಲಿಯೋನ್ ನಗರದ ಚಿತ್ರಮಂದಿರದ ಸಾಲಿನಲ್ಲಿ, ಸಿನಿಮಾ ನೋಡಲು ಬಂದಿದ್ದ ರೆಜಿಸನ ಮುಂದೆ ಇಬ್ಬರು ಹೆಂಗಸರು ನಿಂತಿದ್ದರು: ಬೇಕರಿಯ ಇವೆಟ್, ಅವಳ ನಾದಿನಿ ಸೊಲಾಂಜ್. ಹೆಸರಾಂತ ನಟ ತಿಬೋನ ಮೊದಲ ಚಿತ್ರವನ್ನು ಅಂದು ಮತ್ತೆ ತೋರಿಸುವವರಿದ್ದರು. ಹೆಂಗಸರ ಮಾತು ರೆಜಿಸನ ಕಿವಿಗೆ ಬೀಳುತ್ತಿತ್ತು.

"ನಿಮ್ಮಂಗಡೀಲಿ ಬ್ರೆಡ್ಡು ಜೋಡಿಸ್ತಿದ್ದೋನು ಇವನೇನಾ ಅತ್ತಿಗೆ?" ಎಂದಳು ಸೊಲಾಂಜ್.

"ಇವನೇ ಕಣೇ. ದಿನಾ ಬೋರಲು ಇಡೋನು. ಹಿಂದಿನ ಕಾಲದಲ್ಲಿ ಅಪರಾಧಿಗಳ ತಲೆ ಕಡಿಯೋನ ಪಾಲಿನ ಬ್ರೆಡ್ಡನ್ನ ಮಾತ್ರ ಬೋರಲು ಇಡ್ತಿದ್ರು, ಹಾಗಿಟ್ರೆ ಮನೆಗೆ ಕೇಡು ಅಂತ ಬೈದೂ ಬೈದೂ ಸಾಕಾಗಿತ್ತು."

"ಇದ್ರಲ್ಲಿ ಅವನಿಗೆ ಮಾತೇ ಇಲ್ವಂತೆ?"

"ಒಂದೂ ಇಲ್ಲ. ಸಾವಿನ ಮನೆ. ಅಳೋರ ಹಿಂದೆ ಸುಮ್ನೆ ನಿಂತ್ಕೋ ಅಂದಿದ್ರಂತೆ. ಮೇಜಿನ ಮೇಲೆ ಯಾರೋ ಬ್ರೆಡ್ಡು ಬೋರಲು ಇಟ್ಟಿದ್ರು. ಇವನು ಮೆಲ್ಲಗೆ ಕೈ ಚಾಚಿ ಮಗುಚಿ ಸರಿಯಾಗಿ ಇಟ್ಟ."

"ಯಾರೂ ಹೇಳದೇನೇ?"

"ಹೇಳದೇನೇ. ನಿರ್ದೇಶಕ ಹಾಗೇ ಉಳಿಸ್ಕೊಂಡ. ಅದನ್ನ ನೋಡಿಯೇ ಮುಂದಿನ ಪಾತ್ರ ಸಿಕ್ಕಿದ್ದು."

"ಅಬ್ಬಾ, ಹಾಗಾದ್ರೆ ಗುರು ನೀನೇ!"

ಇವೆಟ್ ನಗಲಿಲ್ಲ.

"ನಾನೇನು ಕಲಿಸ್ದೆ? ಬರೀ ಬೈದೆ. ಅವನು ನಿದ್ದೆ ಹೋದ ಮಗೂನ ಮಗ್ಗುಲು ಬದಲಿಸಿದ ಹಾಗೆ ತಿರುಗಿಸ್ದ. ನಂದು ನಲವತ್ತು ವರ್ಷ ಬ್ರೆಡ್ಡು ಮುಟ್ಟಿದ ಕೈ, ಹಾಗೆ ಮುಟ್ಟಬಹುದು ಅಂತ ನನಗೇ ಗೊತ್ತಿರಲಿಲ್ಲ."

ಬಾಗಿಲು ತೆರೆಯಿತು. ಚರ್ಚಿನ ಹೊಸ್ತಿಲು ದಾಟುವವಳಂತೆ ಇವೆಟ್ ದನಿ ತಗ್ಗಿಸಿದಳು.

"ಮುಖ ನೋಡ್ತಾ ಕೂರಬೇಡ, ಸೊಲಾಂಜ್. ಕೈ ನೋಡು."